ಪುನರ್ವಸು ಮಳೆಯಲ್ಲೂ ಉರಿಯಬೇಕಾದ ದೀಪ: ಉತ್ತರ ಕನ್ನಡದ ಸೋಲಾರ್ ಲೆಕ್ಕದ ಹಿನ್ನೆಲೆ

ನಾಡಿಗೆಲ್ಲ ಕರೆಂಟು ಕೊಡುವ ಜಿಲ್ಲೆ ಇದು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟು, ನಾಗಝರಿಯಲ್ಲಿ ವಿದ್ಯುದಾಗಾರ, ಗೇರುಸೊಪ್ಪದಲ್ಲಿ ಶರಾವತಿ ಟೇಲ್‌ರೇಸ್ ವಿದ್ಯುದಾಗಾರ, 2000ದಿಂದ ಕೈಗಾ ಅಣುಸ್ಥಾವರ. ಆದರೂ ಜೋಯ್ಡಾ, ಯಲ್ಲಾಪುರ, ಸಿದ್ದಾಪುರದ ಕಣಿವೆಗಳಲ್ಲಿ ಎಷ್ಟೋ ಮನೆಗಳ ಜಗುಲಿಯಲ್ಲಿ ಬಹುಕಾಲ ಉರಿದದ್ದು ಸೀಮೆಎಣ್ಣೆಯ ಚಿಮಣಿ ಬುಡ್ಡಿ. ಒಂದು ಕಣಿವೆಗೆ ಒಂದೋ ಎರಡೋ ಮನೆ. ಅಷ್ಟಕ್ಕಾಗಿ ಕಾಡಿನೊಳಗೆ ಕಿಲೋಮೀಟರ್‌ಗಟ್ಟಲೆ ಕಂಬ ನೆಡಬೇಕು, ಅದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನೆಟ್ಟ ಮೇಲೂ ಆರಿದ್ರಾ ಮಳೆಗೆ ಮರ ಬಿದ್ದು ತಂತಿ ಹರಿಯುವುದು ತಪ್ಪದು.

ಸೋಲಾರ್ ಇಲ್ಲಿಗೆ ಬಂದದ್ದು ಈ ಕೊರತೆ ತುಂಬಲು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಎಂಬ ಸೋಲಾರ್ ಕಂಪನಿ ಆರಂಭಿಸಿದಾಗ ಅವರು ಹಿಡಿದ ದಾರಿ ಸರಳವಾಗಿತ್ತು: ಮನೆಗೆ ತಕ್ಕ ದೀಪ, ಬ್ಯಾಂಕಿನಿಂದ ಸಾಲ, ಮನೆ ಬಾಗಿಲಿಗೆ ಬಂದು ದುರಸ್ತಿ. ಆ ಕೆಲಸಕ್ಕೆ 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕಾಲದಿಂದ ಹಳ್ಳಿಮನೆಗಳಲ್ಲಿ ಸಾಮಾನ್ಯವಾಗಿ ಕಂಡದ್ದು 37 ವ್ಯಾಟ್‌ನ ಪ್ಯಾನೆಲ್, 12 ವೋಲ್ಟಿನ 40 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಲೆಡ್-ಆಸಿಡ್ ಬ್ಯಾಟರಿ, ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಖಾಲಿಯಾಗದಂತೆ ಕಾಯುವ ಒಂದು ಚಾರ್ಜ್ ಕಂಟ್ರೋಲರ್, 9 ವ್ಯಾಟ್‌ನ ಎರಡು ಸಿಎಫ್‌ಎಲ್. ನಾಲ್ಕು ದೀಪ ಬೇಕೆಂದವರಿಗೆ 74 ವ್ಯಾಟ್, 75 ಎಎಚ್.

ಆಗ ಪ್ಯಾನೆಲ್ಲೇ ಎಲ್ಲಕ್ಕಿಂತ ದುಬಾರಿ. 1990ರ ದಶಕದ ನಡುವೆ ಜಾಗತಿಕ ಮಾರುಕಟ್ಟೆಯಲ್ಲಿ ವ್ಯಾಟಿಗೆ ಸುಮಾರು 5 ಡಾಲರ್. ಹಾಗಾಗಿ ಪ್ಯಾನೆಲ್ಲನ್ನು ಅಳೆದು ಸುರಿದು ಕೊಡುತ್ತಿದ್ದರು. ಇಂದಿಗೂ ಈ ಜಿಲ್ಲೆಯ ಸೋಲಾರ್ ಸೋಲುವುದು ಆ ಹಳೆಯ ಜಿಪುಣತನದಿಂದಲೇ.

ಲೆಕ್ಕ ಹಾಕಿ ನೋಡಿ. 9 ವ್ಯಾಟ್‌ನ ಎರಡು ದೀಪ ದಿನಕ್ಕೆ 4 ತಾಸು ಉರಿದರೆ 72 ವ್ಯಾಟ್-ಅವರ್ ಬೇಕು. ಏಪ್ರಿಲ್‌ನಲ್ಲಿ ದಿನಕ್ಕೆ ಐದೂವರೆ ತಾಸಿನ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆ ಎಂದಿಟ್ಟುಕೊಂಡರೆ, ನಷ್ಟ ಕಳೆದು 37 ವ್ಯಾಟ್‌ನ ಪ್ಯಾನೆಲ್ 140ರಷ್ಟು ಕೊಡುತ್ತದೆ. ಬೇಕಾದ್ದರ ಎರಡು ಪಾಲು. ಪುನರ್ವಸು ಮಳೆ ಕವಿದು ಕೂತ ವಾರದಲ್ಲಿ ಅದೇ ಬೆಳಕು ಒಂದು, ಒಂದೂಕಾಲು ತಾಸಿಗೆ ಇಳಿಯುತ್ತದೆ. ಪ್ಯಾನೆಲ್‌ನಿಂದ ಬರುವುದು 30ರ ಆಸುಪಾಸು. ದಿನಕ್ಕೆ 40 ಸಾಲ. ಬ್ಯಾಟರಿಯಲ್ಲಿರುವುದು 480 (12 ವೋಲ್ಟ್ × 40 ಎಎಚ್), ಅದರ ಅರ್ಧ ಮಾತ್ರ ಬಳಸಬಹುದು. ಆರನೇ ದಿನಕ್ಕೆ ಅದು ಮುಗಿಯಿತು.

ಆ ಸಂಜೆ ದೀಪ ಮಂಕಾಗುವುದು ಸಣ್ಣ ನಷ್ಟ. ದೊಡ್ಡ ನಷ್ಟ ಬ್ಯಾಟರಿಯೊಳಗೆ. ಜುಲೈ ಕೊನೆಯಲ್ಲಿ ಅದರ ಒಂದು ಮುಚ್ಚಳ ತಿರುಗಿಸಿ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ, ತುಂಬಿದಾಗ 1.24 ತೋರಿಸಬೇಕಾದ ಮುಳ್ಳು 1.15ರಲ್ಲಿ ತೇಲುತ್ತಿರುತ್ತದೆ. ಟಾರ್ಚ್ ಹಿಡಿದರೆ ಪ್ಲೇಟುಗಳ ಮೇಲೆ ಬೂದಿ-ಬಿಳುಪು ಹೊದಿಕೆ. ಅದು ಲೆಡ್ ಸಲ್ಫೇಟ್. ಬೇಗ ಚಾರ್ಜ್ ಆದರೆ ಅದು ಕರಗಿ ಆಮ್ಲಕ್ಕೆ ಮರಳುತ್ತದೆ. ಎರಡು ತಿಂಗಳು ಅರೆಹೊಟ್ಟೆಯಲ್ಲೇ ಇದ್ದರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಶರದೃತುವಿನ ಬಿಸಿಲಿಗೂ ಕರಗದು. ಐದು ವರ್ಷ ಬಾಳಬೇಕಾದ ಬ್ಯಾಟರಿ ಮೂರನೇ ಮಳೆಗಾಲಕ್ಕೇ ಸೋಲುವುದು ಹೀಗೆ. ಕಂಟ್ರೋಲರ್ ದೀಪ ಆರಿಸಿತೆಂದು ಸಿಟ್ಟಾಗಿ ದೀಪದ ವೈರನ್ನು ನೇರ ಬ್ಯಾಟರಿಗೆ ಕಟ್ಟಿಕೊಂಡ ಮನೆಗಳಲ್ಲಿ ಇನ್ನೂ ಬೇಗ. ಜೊತೆಗೆ ಡಿಸ್ಟಿಲ್ಡ್ ವಾಟರ್ ಬದಲು ಬಾವಿ ನೀರು ಹಾಕಿದರಂತೂ ಹೇಳುವುದೇ ಬೇಡ, ಅದರೊಳಗಿನ ಲವಣ ಪ್ಲೇಟನ್ನು ತಿನ್ನುತ್ತದೆ. ಕರಾವಳಿಯ ಬಾವಿಗಳಲ್ಲಿ ಉಪ್ಪು ಹೆಚ್ಚು. ಆಮ್ಲವನ್ನೂ ಮೇಲಿಂದ ಸುರಿಯಬಾರದು, ಕಡಿಮೆಯಾದದ್ದು ನೀರು ಮಾತ್ರ.

ಘಟ್ಟದ ಮೇಲೆ ಇನ್ನೊಂದು ತೊಡಕು ನೆರಳು. ಶಿರಸಿ ಇರುವುದು 14.6 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಮನೆಯ ದಕ್ಷಿಣಕ್ಕೆ 10 ಮೀಟರ್ ಎತ್ತರದ ಅಡಿಕೆ ಮರವಿದ್ದರೆ ಅದರ ನೆರಳು ಸುಮಾರು 8 ಮೀಟರ್ ಉತ್ತರಕ್ಕೆ ಚಾಚುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿದ್ದಾಗ ಜಾಗ ನೋಡಿ ಪ್ಯಾನೆಲ್ ಕೂರಿಸಿದವರಿಗೆ ಇದು ಗೊತ್ತಾಗುವುದು ಚಳಿಗಾಲದಲ್ಲೇ. ಪ್ಯಾನೆಲ್‌ನ ಸೆಲ್‌ಗಳು ಸರಪಳಿಯಂತೆ ಜೋಡಿಸಿದವು. ಒಂದು ಸೋಗೆಯ ನೆರಳು ಎರಡು ಸೆಲ್ ಮುಚ್ಚಿದರೂ ಆ ಸಾಲಿನ ಕರೆಂಟೇ ನಿಲ್ಲುತ್ತದೆ. ಮಳೆಗಾಲದಲ್ಲಿ ಕೆಳಅಂಚಿಗೆ ಪಾಚಿ ಕಟ್ಟಿದರೂ ಆಗುವುದು ಇದೇ. ಅಕ್ಷಾಂಶ ನೋಡಿದರೆ 15 ಡಿಗ್ರಿ ಓರೆ ಸಾಕು, ಮಲೆನಾಡಿಗೆ 20 ಒಳ್ಳೆಯದು. ಇಳುವರಿ ತುಸು ಕಡಿಮೆಯಾದರೂ ನೀರಿನ ಜೊತೆ ಕೊಳೆ ಇಳಿದುಹೋಗುತ್ತದೆ.

ಘಟ್ಟದ ಕೆಳಗೆ ಶತ್ರು ಉಪ್ಪುಗಾಳಿ. ಕಾರವಾರ, ಕುಮಟಾ, ಭಟ್ಕಳದ ಕಡಲಂಚಿನ ಮನೆಗಳಲ್ಲಿ ಪ್ಯಾನೆಲ್‌ನ ಗಾಜು ಚೆನ್ನಾಗಿಯೇ ಇರುತ್ತದೆ, ಬೋಲ್ಟು ಕೊಳೆತಿರುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಸಾದಾ ಕಬ್ಬಿಣದ ಬೋಲ್ಟು ಹಾಕಬೇಡಿ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 316 ದರ್ಜೆಯದು ಕೇಳಿ. ಪ್ಯಾನೆಲ್‌ಗೆ ಐಇಸಿ 61701 ಉಪ್ಪು-ಮಂಜಿನ ಪರೀಕ್ಷೆ ಆಗಿದೆಯೇ ನೋಡಿ. ತಾಮ್ರದ ತಂತಿಯನ್ನು ತಿರುಚಿ ಟೇಪು ಸುತ್ತಿದ ಜೋಡಣೆ ಒಂದೇ ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುನ್ನ ಕೆಳಗೆ ಜೋತು ಬಿದ್ದು ಮೇಲೇರಬೇಕು, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ. ಬ್ಯಾಟರಿಯ ಟರ್ಮಿನಲ್ ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

2010ರ ನಂತರ ಮೂರು ಸಂಗತಿ ಬದಲಾದವು. ಸಿಎಫ್‌ಎಲ್ ಜಾಗಕ್ಕೆ ಎಲ್‌ಇಡಿ ಬಂದು 9 ವ್ಯಾಟ್‌ನ ಬೆಳಕು 5ಕ್ಕೆ ಸಿಕ್ಕಿತು. ಪ್ಯಾನೆಲ್ ಬೆಲೆ 2020ರ ಹೊತ್ತಿಗೆ ವ್ಯಾಟಿಗೆ ಅರ್ಧ ಡಾಲರಿಗಿಂತ ಕೆಳಗಿಳಿಯಿತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂಗಡಿಗೆ ಬಂತು: ನೀರು ಬೇಡ, ಶೇ 80ರಷ್ಟು ಖಾಲಿ ಮಾಡಬಹುದು, ಅರ್ಧ ಚಾರ್ಜ್‌ನಲ್ಲಿ ತಿಂಗಳುಗಟ್ಟಲೆ ಇದ್ದರೂ ಸಲ್ಫೇಟ್ ಕಟ್ಟುವ ಭಯವಿಲ್ಲ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಬ್ಯಾಟರಿ ಇನ್ನೊಂದಿಲ್ಲ.

ಹಳೆಯ ವ್ಯವಸ್ಥೆಗೆ ಹೊಸದನ್ನು ಜೋಡಿಸುವಾಗಲೇ ಎಡವುವುದು. ಲೆಡ್ ಬ್ಯಾಟರಿಯ ಕಂಟ್ರೋಲರ್ ಆಗಾಗ 14.8 ವೋಲ್ಟಿಗೇರಿಸಿ ಈಕ್ವಲೈಸ್ ಮಾಡುತ್ತದೆ, ಅಂದರೆ ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುತ್ತದೆ. ಲಿಥಿಯಂಗೆ ಅದನ್ನು ನಿಲ್ಲಿಸಿ 14.2ರಿಂದ 14.4ರೊಳಗೆ ಇಡಬೇಕು. ಇನ್ನೊಂದು, ಲಿಥಿಯಂ ಪೂರ್ತಿ ಖಾಲಿಯಾದರೆ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ತಾನೇ ಸಂಪರ್ಕ ಕಡಿಯುತ್ತದೆ. ಆಗ ಬ್ಯಾಟರಿಯಿಂದ ವೋಲ್ಟೇಜ್ ಸಿಕ್ಕರೆ ಮಾತ್ರ ಎಚ್ಚರವಾಗುವ ಕಂಟ್ರೋಲರ್ ಬಿಸಿಲಿದ್ದರೂ ಚಾರ್ಜ್ ಮಾಡದು. ಬ್ಯಾಟರಿ ಸತ್ತಿತೆಂದು ಗುಜರಿಗೆ ಹಾಕುವ ಮುನ್ನ ಲಿಥಿಯಂ ಚಾರ್ಜರ್‌ನಿಂದ ಒಮ್ಮೆ ಎಬ್ಬಿಸಿ ನೋಡಿ.

ದೊಡ್ಡ ಪ್ಯಾನೆಲ್ ಅಗ್ಗವೆಂದು 540 ವ್ಯಾಟ್‌ನದನ್ನು ಹಳೆಯ 12 ವೋಲ್ಟಿನ ಪಿಡಬ್ಲ್ಯುಎಂ ಕಂಟ್ರೋಲರ್‌ಗೆ ಕಟ್ಟುವುದು ಇನ್ನೊಂದು ತಪ್ಪು. ಆ ಪ್ಯಾನೆಲ್ ಕೆಲಸ ಮಾಡುವುದು 41 ವೋಲ್ಟಿನಲ್ಲಿ, 13 ಆಂಪಿಯರ್. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆಯುವುದರಿಂದ ಸಿಗುವುದು 170 ವ್ಯಾಟ್ ಮಾತ್ರ. ಲೋಡಿಲ್ಲದಾಗ ಪ್ಯಾನೆಲ್ 49 ವೋಲ್ಟಿಗೇರುತ್ತದೆ, 25-30 ವೋಲ್ಟಿನ ಮಿತಿಯ ಕಂಟ್ರೋಲರ್ ಸುಟ್ಟೇ ಹೋಗುತ್ತದೆ. ಇದಕ್ಕೆ ಪ್ಯಾನೆಲ್‌ನ ಹೆಚ್ಚಿನ ವೋಲ್ಟನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿಕೊಡುವ ಎಂಪಿಪಿಟಿ ಕಂಟ್ರೋಲರೇ ಬೇಕು.

ಫೆಬ್ರುವರಿ 2024ರ ಪಿಎಂ ಸೂರ್ಯ ಘರ್ ಯೋಜನೆ ಲೈನ್ ಇರುವ ಮನೆಗಳ ಛಾವಣಿಗೂ ಪ್ಯಾನೆಲ್ ಏರಿಸಿತು: ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂ., ಮೂರನೆಯದಕ್ಕೆ 18,000, ಒಟ್ಟು 78,000 ರೂ. ಸಹಾಯಧನ. ಆದರೆ ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ನಿಲ್ಲುತ್ತದೆ. ಕಂಬದ ಮೇಲೆ ತಂತಿ ಕಟ್ಟುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದೆಂದು ಅದನ್ನು ಹಾಗೆಯೇ ಮಾಡಿದ್ದಾರೆ. ಮೂರು ದಿನ ಲೈನ್ ಇಲ್ಲದ ಊರಿಗೆ ಬ್ಯಾಟರಿಯಿಂದಲೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕು.

ಇಲ್ಲಿ ಹಳೆಯ ಲೆಕ್ಕ ತಿರುಗಿಸಿ ಹಾಕಬಹುದು. ಮೋಡ ಕವಿದ ಪುನರ್ವಸುವಿನ ದಿನವೂ 3 ಕಿಲೋವ್ಯಾಟ್ ಪ್ಯಾನೆಲ್ 2 ಯೂನಿಟ್‌ನಷ್ಟು (2,000 ವ್ಯಾಟ್-ಅವರ್) ಕೊಡುತ್ತದೆ. ಆರು ಎಲ್‌ಇಡಿ, ಕಡಿಮೆ ಕರೆಂಟು ತಿನ್ನುವ ಎರಡು ಬಿಎಲ್‌ಡಿಸಿ ಫ್ಯಾನ್, ರೌಟರ್, ಸಣ್ಣ ಫ್ರಿಜ್ ಅಷ್ಟರಲ್ಲೇ ನಡೆಯುತ್ತವೆ. ಬ್ಯಾಟರಿ ಒಂದು ರಾತ್ರಿ ದಾಟಿಸಿದರೆ ಸಾಕು, 5 ಯೂನಿಟ್‌ನದು ಧಾರಾಳ. ಕೈಯಲ್ಲಿ ಇನ್ನೂ ಹಣ ಉಳಿದರೆ ಎರಡನೇ ಬ್ಯಾಟರಿಗಿಂತ ಇನ್ನೆರಡು ಪ್ಯಾನೆಲ್ ಹಾಕಿಸುವುದು ಲೇಸು. ಈ ಅಗತ್ಯದ ಲೋಡುಗಳಿಗೆ ಬೇರೆಯೇ ಡಿಬಿ (ವಿತರಣಾ ಪೆಟ್ಟಿಗೆ) ಮಾಡಿಸಿ, ಇನ್ವರ್ಟರ್‌ನ ಬ್ಯಾಕಪ್ ಔಟ್‌ಪುಟ್ ಅದಕ್ಕಷ್ಟೇ ಕೊಡಿ. ತೋಟದ 2 ಎಚ್‌ಪಿ ಪಂಪನ್ನು ಅದಕ್ಕೆ ಸೇರಿಸಬೇಡಿ. ಚಾಲೂ ಆಗುವ ಗಳಿಗೆಯಲ್ಲಿ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆದು ಇನ್ವರ್ಟರ್ ಟ್ರಿಪ್ ಮಾಡುತ್ತದೆ, ಮನೆಯಿಡೀ ಕತ್ತಲಾಗುತ್ತದೆ.