ಹೊಸ ನಾಟಕ ಬೆಳೆಯುವ ಜಾಗ: ರೈಟರ್ಸ್ ಬ್ಲಾಕ್ ಉತ್ಸವದ ಹಿನ್ನೆಲೆ

"ಈಗ ಹೊಸ ನಾಟಕಗಳೇ ಬರ್ತಿಲ್ಲ." ರಂಗಮಂದಿರದ ಹೊರಗೆ ಟೀ ಕುಡಿಯುತ್ತಾ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ನಾನೂ ಹೇಳಿದ್ದೇನೆ. ಆದರೆ ಮೊದಲ ನಾಟಕ ಬರೆದವರು ಅದನ್ನು ಯಾರ ಮುಂದೆ ಓದಬೇಕು? ಮುಂಬೈನ ರೈಟರ್ಸ್ ಬ್ಲಾಕ್ ನಾಟಕೋತ್ಸವ ಹುಟ್ಟಿದ್ದು ಈ ಪ್ರಶ್ನೆಯಿಂದ.

ಅದರ ಬೇರು ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿದೆ. 1956ರಲ್ಲಿ ನಿರ್ದೇಶಕ ಜಾರ್ಜ್ ಡಿವೈನ್ ಅಲ್ಲಿ ಹೊಸ ಬರಹಗಾರರಿಗೆ ಜಾಗ ಮಾಡಿಕೊಟ್ಟರು. ಆ ವರ್ಷದ ಮೇ ತಿಂಗಳಲ್ಲೇ 26ರ ಹರೆಯದ ಜಾನ್ ಆಸ್ಬೋರ್ನ್ ಬರೆದ 'ಲುಕ್ ಬ್ಯಾಕ್ ಇನ್ ಆಂಗರ್' ರಂಗಕ್ಕೆ ಬಂತು. ಬರೆಯುವವನಿಗೆ ಸೋಲುವ ಹಕ್ಕೂ ಇರಬೇಕು ಎಂದು ಡಿವೈನ್ ನಂಬಿದ್ದರು. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಮುಂದೆ 1996ರಲ್ಲಿ ಎಲೀಸ್ ಡಾಡ್ಜ್‌ಸನ್ ಅಲ್ಲಿ ಅಂತರರಾಷ್ಟ್ರೀಯ ವಿಭಾಗ ಶುರು ಮಾಡಿ, ಬೇರೆ ಬೇರೆ ದೇಶಗಳಲ್ಲಿ ನಾಟಕ ಬರೆಯುವವರಿಗೆ ಕಮ್ಮಟ ನಡೆಸತೊಡಗಿದರು.

ಮುಂಬೈನಲ್ಲಿ ಅವರ ಜೊತೆ ಕೈ ಜೋಡಿಸಿದ್ದು ರೇಜ್ ತಂಡ. ರಾಹುಲ್ ಡಾ ಕುನ್ಹಾ, ಶೆರ್ನಾಝ್ ಪಟೇಲ್, ರಜಿತ್ ಕಪೂರ್ ಕಟ್ಟಿದ ತಂಡ ಅದು. ಮೊದಲ ಉತ್ಸವ 2004ರಲ್ಲಿ ನಡೆಯಿತು. ಆಮೇಲೆ 2007, 2012, 2016.

ಯಾಕೆ ಇಷ್ಟು ವರ್ಷಗಳ ಅಂತರ? ಉತ್ಸವ ಇಲ್ಲಿ ಕೊನೆಯ ಹಂತ. ಅದಕ್ಕೂ ಮುಂಚೆ ಬರಹಗಾರರು ಕಮ್ಮಟದಲ್ಲಿ ಕೂರುತ್ತಾರೆ. ಕರಡು ಬರೆಯುತ್ತಾರೆ, ಓದುತ್ತಾರೆ, ತಿದ್ದುತ್ತಾರೆ, ಮತ್ತೆ ಬರೆಯುತ್ತಾರೆ. ನಟರು ಗಟ್ಟಿಯಾಗಿ ಓದಿದಾಗ ಯಾವ ಮಾತು ಬಾಯಿಗೆ ಕೂರುತ್ತಿಲ್ಲ, ಯಾವ ದೃಶ್ಯ ಸುಮ್ನೆ ಎಳೆಯುತ್ತಿದೆ ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ಒಬ್ಬರೇ ಎಷ್ಟು ಸಲ ಓದಿಕೊಂಡರೂ ಇದು ಕಾಣುವುದಿಲ್ಲ, ಅಲ್ವಾ? ಇಂಗ್ಲಿಷ್ ಜೊತೆಗೆ ಹಿಂದಿ, ಮರಾಠಿ ನಾಟಕಗಳೂ ಈ ದಾರಿಯಲ್ಲಿ ಬೆಳೆದವು.

ಬೆಂಗಳೂರಿನ ಅಭಿಷೇಕ್ ಮಜುಂದಾರ್ ಅವರ 'ದಿ ಜಿನ್ಸ್ ಆಫ್ ಈದ್ಗಾಹ್' ಹೀಗೆ ಬಂದದ್ದು. ಕಾಶ್ಮೀರದ ಕತೆ. 2012ರ ಉತ್ಸವದಲ್ಲಿ ಆಡಿದ ಈ ನಾಟಕ ಮರುವರ್ಷ ರಾಯಲ್ ಕೋರ್ಟ್‌ನಲ್ಲೂ ಪ್ರಯೋಗವಾಯಿತು.

ಇಂಥ ಜಾಗ ಕನ್ನಡಕ್ಕೆ ಹೊಸದೇನೂ ಅಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಬರೆಯುವವರು ತಂಡದ ಒಡನಾಟದಲ್ಲೇ ಇರುತ್ತಿದ್ದರು. ಬಿ. ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಗೆ ನಾಟಕ ಬರೆದದ್ದು ಹಾಗೆ. ಕಂಪನಿಗಳು ಸೊರಗಿದ ಮೇಲೆ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ 'ಅಟ್ಟ', ಅಂದರೆ ಅದರ ಮಹಡಿಯ ಕೋಣೆ, ಇತ್ತು. ಪ್ರಕಾಶಕ ಜಿ.ಬಿ. ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಲ್ಲಿ ಎಳೆಯರ ಬರಹಕ್ಕೆ ಕಿವಿಗೊಡುತ್ತಿದ್ದರು. ಆಗಷ್ಟೇ ಇಪ್ಪತ್ತು ದಾಟಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು 1961ರಲ್ಲಿ ಪ್ರಕಟಿಸಿದ್ದು ಇದೇ ಗ್ರಂಥಮಾಲೆ.

ರೈಟರ್ಸ್ ಬ್ಲಾಕ್ ಶುರುವಾದ 2004ರಲ್ಲೇ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು. ಅಂದರೆ ಆಡುವುದಕ್ಕೆ ಒಳ್ಳೆಯ ರಂಗವಿದೆ. ನನ್ನ ಆಸೆ ಇಷ್ಟೇ: ಪ್ರತಿ ಹವ್ಯಾಸಿ ತಂಡವೂ ತಾಲೀಮಿನ ಕೋಣೆಯಲ್ಲಿ ತಿಂಗಳಿಗೊಂದು ಸಂಜೆ ಹೊಸಬರ ಕರಡು ಓದಲಿ. ಬೇಕಾಗುವುದು ಚಾಪೆ, ನಾಲ್ಕು ಜೆರಾಕ್ಸ್ ಪ್ರತಿ, ಮತ್ತೆ ಮುಂದಿನ ತಿಂಗಳು ತಿದ್ದಿದ ಕರಡನ್ನೂ ಕೂತು ಕೇಳುವ ಐದಾರು ಜನ.