ಓಆರ್‌ಎಸ್‌ನಲ್ಲಿ ಉಪ್ಪಿನ ಜೊತೆ ಸಕ್ಕರೆ ಯಾಕೆ?

ಪ್ರಶ್ನೆ: ಮಗನಿಗೆ ಲೂಸ್ ಮೋಷನ್ ಆಗಿತ್ತು. ಮೈಯಿಂದ ಹೋಗುವುದು ನೀರು, ಉಪ್ಪು ಅಲ್ವಾ? ಹಾಗಿದ್ದರೆ ಓಆರ್‌ಎಸ್‌ಗೆ ಸಕ್ಕರೆ ಯಾಕೆ? ಬರೀ ರುಚಿಗಾ?
(ರಾಜಾಜಿನಗರದ ಓದುಗರೊಬ್ಬರು)

ರುಚಿಗಲ್ಲ. ಭೇದಿಯಾದಾಗ ಸಕ್ಕರೆ ಜೊತೆಗಿಲ್ಲದಿದ್ದರೆ ಆ ಉಪ್ಪು ಮೈಗೆ ಸರಿಯಾಗಿ ಹತ್ತುವುದೇ ಇಲ್ಲ.

ಕರುಳಿನ ಒಳಗೋಡೆಯ ಪ್ರತಿ ಜೀವಕೋಶಕ್ಕೂ ತೆಳ್ಳನೆಯ ಪೊರೆ ಇದೆ. ಎರಡು ಪದರದ ಜಿಡ್ಡು ಅದು. ಆಮ್ಲಜನಕ ಅದರೊಳಗೆ ಸುಮ್ನೆ ನುಸುಳಿಬಿಡುತ್ತದೆ. ಉಪ್ಪಿನ ಸೋಡಿಯಂಗಾಗಲಿ, ಗ್ಲೂಕೋಸ್‌ಗಾಗಲಿ ಅದು ಆಗದು. ಅವಕ್ಕೆ ಪ್ರೋಟೀನಿನ ಬಾಗಿಲು ಬೇಕು. ಅಲ್ಲೊಂದು ಬಾಗಿಲಿದೆ, 2 ಸೋಡಿಯಂ ಮತ್ತು 1 ಗ್ಲೂಕೋಸ್ ಕೂಡಿ ಬಂದರೇನೇ ಒಳಗೆ ಬಿಡುತ್ತದೆ. ಈ ಜೋಡಿ ಸಾಗಾಟದ ವಿಚಾರವನ್ನು 1960ರಲ್ಲಿ ಮುಂದಿಟ್ಟವರು ರಾಬರ್ಟ್ ಕ್ರೇನ್. ಒಳಬಂದ ಸೋಡಿಯಂ ಅನ್ನು ಕೋಶದ ಇನ್ನೊಂದು ಬದಿಯ ಪಂಪ್ ರಕ್ತದ ಕಡೆಗೆ ದಬ್ಬುತ್ತದೆ. 3 ಸೋಡಿಯಂ ಆಚೆ, 2 ಪೊಟ್ಯಾಸಿಯಂ ಈಚೆ. ಇದಕ್ಕೆ ಶಕ್ತಿ ಖರ್ಚಾಗುತ್ತದೆ. ನೀರಿಗೆ ಆ ಖರ್ಚಿಲ್ಲ. ಉಪ್ಪು, ಸಕ್ಕರೆ ಹೋದ ಕಡೆ ತಾನಾಗಿ ಹೋಗುತ್ತದೆ.

ಕಾಲರಾ ಬಂದಾಗಲೂ ಈ ಜೋಡಿ ಬಾಗಿಲು ಕೆಡುವುದಿಲ್ಲ. ಎಂಥಾ ಪುಣ್ಯ ನೋಡಿ! 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು-ಸಕ್ಕರೆ ನೀರನ್ನು ಡ್ರಮ್‌ಗಳಲ್ಲಿ ಕಲಸಿ ಕುಡಿಸಿದರು. ಶೇಕಡಾ 30ರ ಹತ್ತಿರವಿದ್ದ ಸಾವು 3.6ಕ್ಕೆ ಇಳಿಯಿತು.

ಹಾಗಂತ ಸಕ್ಕರೆ ಜಾಸ್ತಿ ಹಾಕಬೇಡಿ. ರಾಮನವಮಿಗೆ ಕೋಸಂಬರಿ ಮಾಡಿರುತ್ತೀರಲ್ಲ? ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಸೌತೆಕಾಯಿ ನೀರು ಬಿಡುತ್ತದೆ, ಹೆಸರುಬೇಳೆ ಅದರಲ್ಲಿ ನೆನೆದು ಕೂರುತ್ತದೆ. ಹೊರಗಿನ ಉಪ್ಪು ಕೋಶಗಳೊಳಗಿನ ನೀರನ್ನು ಎಳೆದುಕೊಂಡಿದೆ. ಕರುಳಿನಲ್ಲಿ ಸಕ್ಕರೆ ಅತಿಯಾದರೂ ಹೀಗೇ. ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಕೂಲ್‌ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್ ಬೇಡ ಅನ್ನುವುದು ಇದಕ್ಕೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 1 ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. 1 ಲೀಟರಿನ ಪ್ಯಾಕೆಟ್ ಅನ್ನು ಒಂದೇ ಲೋಟಕ್ಕೆ ಸುರಿಯುವವರನ್ನು ಕಂಡು ನನಗೆ ದಿಗಿಲಾಗಿದೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೆ. ಕಾಯಿಸಿ ಆರಿಸಿದ ನೀರನ್ನು ಅಷ್ಟೇ ಅಳೆದು, ಪೂರ್ತಿ ಪುಡಿ ಹಾಕಿ ಕಲಸಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಮಗು ಮಂಕಾದರೆ, ಕುಡಿದಿದ್ದೆಲ್ಲ ವಾಂತಿಯಾದರೆ, ಮೂತ್ರ ಕಡಿಮೆಯಾದರೆ ಮನೆಯಲ್ಲಿ ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.