ಅಮೂರ್ತ ಚಿತ್ರದ ಕೆಂಪು ಎಷ್ಟು ಬಿಸಿ?

ಬಿಸಿಲು ಕಾಣುತ್ತದೆ, ನೆರೆ ಕಾಣುತ್ತದೆ. ಹವಾಮಾನವನ್ನು ಅಳೆಯುವ ಮೂವತ್ತು ವರ್ಷದ ಸರಾಸರಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಹವಾಮಾನ ಬದಲಾವಣೆಯನ್ನು ಚಿತ್ರಿಸಲು ಹೊರಟವರು ಅಮೂರ್ತದ ಕಡೆ, ಅಂದರೆ ಗುರುತು ಹಿಡಿಯುವಂಥ ವಸ್ತು, ದೃಶ್ಯಗಳಿಲ್ಲದ ಚಿತ್ರದ ಕಡೆ, ವಾಲುವುದಕ್ಕೆ ಇದೊಂದು ದೊಡ್ಡ ಕಾರಣ. ಕರಗುವ ಹಿಮದ ಒಂದು ದೃಶ್ಯ ಬರೆಯಬಹುದು. ಸರಾಸರಿಯನ್ನು ಹೇಗೆ ಬರೆಯುತ್ತೀರಿ?

ಇಂಥ ಯಾವ ಚಿತ್ರ ಎದುರಾದರೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ಬಣ್ಣ ಎಲ್ಲಿಂದ ಬಂತು? ಅಂಕಿಯಿಂದಲೋ, ವಸ್ತುವಿನಿಂದಲೋ, ಕಲಾವಿದರು ಹೋಗಿ ನೋಡಿದ ಜಾಗದಿಂದಲೋ? ಕಲಾ ಪರೀಕ್ಷೆಯಲ್ಲಿ 'ಹವಾಮಾನ ಬದಲಾವಣೆಗೆ ಚಿತ್ರಕಾರರ ಪ್ರತಿಕ್ರಿಯೆ' ಕೇಳಿ ಗುರುತೇ ಇಲ್ಲದ ಚಿತ್ರ ಕೊಟ್ಟರೂ ಇದರಿಂದ ಬರೆಯಲು ಶುರು ಮಾಡಬಹುದು.

ಅಂಕಿಯಿಂದ ಬಂದ ಬಣ್ಣ

ರೀಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಮಾಡಿದ 'ವಾರ್ಮಿಂಗ್ ಸ್ಟ್ರೈಪ್ಸ್' ನೀವು ನೋಡಿರುತ್ತೀರಿ. ವರ್ಷಕ್ಕೊಂದು ನೆಟ್ಟಗಿನ ಪಟ್ಟೆ, ಅದರ ಬಣ್ಣ ಆ ವರ್ಷದ ಉಷ್ಣಾಂಶದ್ದು. ಎಡದಲ್ಲಿ ನೀಲಿ ಜಾಸ್ತಿ, ಬಲಕ್ಕೆ ಬಂದಂತೆ ಕೆಂಪು. ಅಂಕಿಯಿಲ್ಲ, ಅಕ್ಷವಿಲ್ಲ. ಗೋಡೆಗೆ ಹಾಕಿದರೆ ಅಮೂರ್ತ ಚಿತ್ರವೇ. ನಿಜ ಹೇಳಬೇಕೆಂದರೆ ಇದು ಕಂಪ್ಯೂಟರ್ ಬಿಡಿಸಿದ ನಕ್ಷೆ, ಪೇಂಟಿಂಗ್ ಅಲ್ಲ. ಆದರೂ ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಪೇಂಟಿಂಗಿನಲ್ಲಿ ಬಣ್ಣ ಯಾಕೆ ಹಾಗಿದೆ ಎಂದು ಊಹಿಸಬೇಕು, ಇಲ್ಲಿ ಲೆಕ್ಕ ಹಾಕಿ ನೋಡಬಹುದು.

ನನಗೆ ತುಂಬಾ ಹೊತ್ತು ಹಿಡಿದದ್ದು ಮುಂದಿನ ಹೆಜ್ಜೆ. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಇಲ್ಲಿ ಕೆಂಪು ಅಂದರೆ 'ಬಿಸಿ' ಅಲ್ಲ. 'ಸರಾಸರಿಗಿಂತ ಮೇಲೆ' ಅಷ್ಟೇ. ಒಂದು ಜಾಗದ ಸರಾಸರಿ 27 ಡಿಗ್ರಿ, ಈ ವರ್ಷ 27.6 ಎಂದಿಟ್ಟುಕೊಳ್ಳಿ. ಇನ್ನೊಂದು ಜಾಗದ ಸರಾಸರಿ ಮೈನಸ್ 8, ಈ ವರ್ಷ ಮೈನಸ್ 6. ಎರಡಕ್ಕೂ ಕೆಂಪು ಪಟ್ಟೆಯೇ ಬರುತ್ತದೆ. ಮೈನಸ್ 6ಕ್ಕೆ ಕೆಂಪು! ಇದು ವಿಚಿತ್ರ ಅನಿಸದಿದ್ದರೆ ಇನ್ನೊಮ್ಮೆ ಓದಿ.

ಇನ್ನೂ ಒಂದು ಗಂಟಿದೆ. ಎರಡನೆಯ ಜಾಗ 2 ಡಿಗ್ರಿ ಏರಿದೆ, ಮೊದಲನೆಯದು 0.6 ಮಾತ್ರ. ಹಾಗಾದರೆ ಎರಡನೆಯದೇ ಹೆಚ್ಚು ಕೆಂಪಾಗಬೇಕಲ್ವಾ? ಆಗಲೇಬೇಕೆಂದಿಲ್ಲ. ದೇಶ, ಪ್ರದೇಶಗಳ ಪಟ್ಟೆಗಳಲ್ಲಿ ಬಣ್ಣದ ಅಳತೆಯನ್ನು ಆಯಾ ಜಾಗದ ವರ್ಷದಿಂದ ವರ್ಷಕ್ಕಿನ ಏರಿಳಿತಕ್ಕೆ ಹೊಂದಿಸುತ್ತಾರೆ. ಏರಿಳಿತ ಕಡಿಮೆ ಇರುವ ಉಷ್ಣವಲಯದಲ್ಲಿ ಅರ್ಧ ಡಿಗ್ರಿಯೂ ದೊಡ್ಡ ಮಾತು. ಆದ್ದರಿಂದ ಎರಡು ದೇಶಗಳ ಚಿತ್ರ ಪಕ್ಕಪಕ್ಕ ಇಟ್ಟು 'ಇಲ್ಲಿ ಬಿಸಿ ಜಾಸ್ತಿ' ಎನ್ನುವ ಹಾಗಿಲ್ಲ. ಒಂದೇ ಚಿತ್ರದೊಳಗೆ ಎಡಕ್ಕೂ ಬಲಕ್ಕೂ ಮಾತ್ರ ಹೋಲಿಸಬಹುದು.

ಕೊನೆಗೆ ನಡುಗೆರೆ. ನೀಲಿ ಮುಗಿದು ಕೆಂಪು ಶುರುವಾಗುವುದು ಎಲ್ಲಿ? 1971ರಿಂದ 2000ದವರೆಗಿನ ಸರಾಸರಿಯನ್ನು ನಡುವಿಗೆ ಇಟ್ಟುಕೊಳ್ಳಬಹುದು. ಆ ಹೊತ್ತಿಗೆ ಭೂಮಿ ಆಗಲೇ ಒಂದಿಷ್ಟು ಕಾದಿತ್ತು. ಅಂದರೆ ಚಿತ್ರದ ಮಧ್ಯದ ತಿಳಿನೀಲಿ ಕೈಗಾರಿಕೆಗಿಂತ ಹಿಂದಿನ ತಂಪಲ್ಲ. ಅದೇ ನಡುಗೆರೆಯನ್ನು 1850–1900ರ ಸರಾಸರಿಗೆ ಸರಿಸಿ. ಅಂಕಿ ಒಂದೂ ಬದಲಾಗುವುದಿಲ್ಲ. ಆದರೆ ಜಗತ್ತಿನ ಚಿತ್ರದಲ್ಲಿ 20ನೇ ಶತಮಾನದ ದ್ವಿತೀಯಾರ್ಧದ ನೀಲಿ ಹೆಚ್ಚುಕಡಿಮೆ ಮಾಯ.

ನನ್ನ ಮಟ್ಟಿಗೆ ಪೇಂಟಿಂಗ್ ಶುರುವಾಗುವುದು ಇಲ್ಲೇ. ಯಾವ ವರ್ಷ ಯಾವುದಕ್ಕಿಂತ ಮೇಲೆ ಎಂದು ಅಂಕಿ ಹೇಳುತ್ತದೆ. ನಡು ಎಲ್ಲಿ, ಕೆಂಪು ಎಷ್ಟು ಗಾಢ ಎಂಬುದನ್ನು ಮನುಷ್ಯರು ತೀರ್ಮಾನಿಸುತ್ತಾರೆ. ಚಿತ್ರಕಾರ ಜೋಸೆಫ್ ಆಲ್ಬರ್ಸ್ 1950ರಿಂದ ಬರೆಯುತ್ತಾ ಹೋದ ಚೌಕಗಳ ಸರಣಿ ನೆನಪಿಸಿಕೊಳ್ಳಿ. ಪಕ್ಕದ ಬಣ್ಣ ಬದಲಾದರೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ. ಅಷ್ಟು ನೀಲಿ ಪಕ್ಕದಲ್ಲಿ ಇರುವುದರಿಂದಲೇ ಬಲತುದಿಯ ಕೆಂಪು ಅಷ್ಟು ಉರಿಯುತ್ತದೆ.

ಕಲಾವಿದೆ ಜಿಲ್ ಪೆಲ್ಟೊ ಕೂಡ ಅಂಕಿಯಿಂದಲೇ ಹೊರಡುತ್ತಾರೆ. ಹಿಮನದಿಗಳ ಕುಗ್ಗುವಿಕೆ, ಸಮುದ್ರಮಟ್ಟದಂಥ ಗ್ರಾಫ್ ಗೆರೆಗಳನ್ನು ಜಲವರ್ಣದ ಬೆಟ್ಟ, ನೀರು ಮಾಡುತ್ತಾರೆ. ಚೆನ್ನಾಗಿದೆ. ಆದರೆ ಬೆಟ್ಟ ಸಿಕ್ಕ ಕೂಡಲೇ ಕಣ್ಣು ಸುಮ್ನೆ ಅಲ್ಲೇ ಕೂರುತ್ತದೆ ಎಂದು ನನಗನಿಸುತ್ತದೆ. ಇದನ್ನು ಪೂರ್ತಿ ಅಮೂರ್ತ ಎಂದು ಬರೆಯಬೇಡಿ.

ವಸ್ತುವಿನಿಂದ

ಕಲಾವಿದ ಓಲಾಫುರ್ ಎಲಿಯಾಸನ್ ಗ್ರೀನ್‌ಲ್ಯಾಂಡ್ ಕಡಲಿನಿಂದ ತಂದ ಹಳೆಯ ಹಿಮದ ತುಂಡುಗಳನ್ನು ಕಾಗದದ ಮೇಲಿನ ತೆಳು ಬಣ್ಣಕ್ಕೆ ಇಟ್ಟು ಕರಗಲು ಬಿಟ್ಟರು. ಉಳಿದ ಕಲೆಯೇ ಚಿತ್ರ. ಅಲ್ಲಿ ಹಿಮದ 'ಚಿತ್ರಣ' ಇಲ್ಲ, ಹಿಮವೇ ಕೆಲಸ ಮಾಡಿದೆ. ಈ ದಾರಿಗೆ ಒಬ್ಬ ಹಿರಿಯಕ್ಕ ಇದ್ದಾರೆ: ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲೇ ತೆಳುವಾಗಿಸಿದ ಎಣ್ಣೆಬಣ್ಣವನ್ನು ಪ್ರೈಮರ್ (ತಳಲೇಪ) ಹಚ್ಚದ ಕ್ಯಾನ್ವಾಸಿಗೆ ಸುರಿದು ಹೀರಿಕೊಳ್ಳಲು ಬಿಟ್ಟಿದ್ದರು. ಅವರಿಗೂ ಹವಾಮಾನಕ್ಕೂ ಸಂಬಂಧವಿಲ್ಲ, ವಿಧಾನಕ್ಕಷ್ಟೇ ಹೆಸರು ಬರೆಯಿರಿ.

ಅಕ್ರಿಲಿಕ್ ಬಣ್ಣದ ಅಂಟು ಪ್ಲಾಸ್ಟಿಕ್, ಅದರ ಮೂಲ ಪೆಟ್ರೋಲಿಯಂ. ಪಳೆಯುಳಿಕೆ ಇಂಧನದ ವಿರುದ್ಧದ ಚಿತ್ರವನ್ನು ಅದರಲ್ಲೇ ಬರೆದರೆ ಏನೆನ್ನಬೇಕು? ಚರ್ಚೆಗೆ ಒಳ್ಳೆಯ ಪ್ರಶ್ನೆ.

ನೋಡಿದ ಜಾಗದಿಂದ

ಇದಕ್ಕೆ ಉದಾಹರಣೆಯಾಗಿ ಅಮೆರಿಕದ ಚಿತ್ರಕಾರ್ತಿ ಡಯಾನ್ ಬರ್ಕೊ ಒಬ್ಬರೇ ಸಾಕು. ಭೂದೃಶ್ಯದಿಂದ ಹೊರಟು ಹಿಮನದಿ, ಹವಳದ ದಿಬ್ಬಗಳ ಕಡೆ ಬಂದವರು.

ಟರ್ನರ್ ಎಲ್ಲಿ ಸೇರುತ್ತಾರೆ?

2023ರಲ್ಲಿ ಆಲ್ಬ್ರೈಟ್ ಮತ್ತು ಹೈಬರ್ಸ್ ಎಂಬ ಸಂಶೋಧಕರು ಹಳೆಯ ಚಿತ್ರಕಾರರಾದ ಟರ್ನರ್, ಮೊನೆ ಅವರ ಚಿತ್ರಗಳು ಮಸುಕಾಗುತ್ತಾ ಹೋದದ್ದಕ್ಕೂ ಆ ಕಾಲದ ವಾಯುಮಾಲಿನ್ಯಕ್ಕೂ ನಂಟಿದೆ ಎಂದು ತೋರಿಸಿದರು. ಓದಲು ಮಜವಾಗಿದೆ. ಆದರೆ ಅದು ಹೊಗೆಯ ಕಥೆ, ಹವಾಮಾನ ಬದಲಾವಣೆಯದ್ದಲ್ಲ. ಹವಾಮಾನ ಬದಲಾವಣೆಗೆ ಪ್ರತಿಕ್ರಿಯೆ ಕೊಡಬೇಕೆಂದು ಆ ಚಿತ್ರಕಾರರು ಬರೆದದ್ದೂ ಅಲ್ಲ, ಎದುರಿಗಿದ್ದ ಗಾಳಿ ಚಿತ್ರದೊಳಗೆ ಬಂದಿದೆ. 'ಪ್ರತಿಕ್ರಿಯೆ' ಕೇಳಿದ ಪ್ರಶ್ನೆಗೆ ಟರ್ನರ್ ಹೆಸರು ಬರೆಯುವುದಾದರೆ ಈ ವ್ಯತ್ಯಾಸವನ್ನೂ ಜೊತೆಗೆ ಬರೆಯಿರಿ, ಇಲ್ಲವಾದರೆ ಬಿಟ್ಟುಬಿಡಿ.